ಒರೆಸುವ ಬಟ್ಟೆಯೂ ಒಂದು ಆಪತ್ತು: ಒಣನಾಡಿನಲ್ಲಿ ಮೀಟರು, ಸ್ಕೋಪುಗಳ ಜೋಪಾನ

ಮುಳ್ಳಿನ ಮಲ್ಟಿಮೀಟರಿನ ಮುಖದ ಪ್ಲಾಸ್ಟಿಕ್ಕನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಒಣ ಪಾಲಿಯೆಸ್ಟರ್ ಬಟ್ಟೆಯಿಂದ ನಾಲ್ಕು ಸಲ ತಿಕ್ಕಿದರೆ, ಕಡ್ಡಿಗಳನ್ನು ಎಲ್ಲಿಯೂ ಮುಟ್ಟಿಸದಿದ್ದರೂ ಮುಳ್ಳು ಸೊನ್ನೆ ಬಿಟ್ಟು ಸರಿಯುತ್ತದೆ. ಕೆಲವೊಮ್ಮೆ ಅಂಟಿಕೊಂಡಂತೆ ಅಲ್ಲೇ ನಿಂತುಬಿಡುತ್ತದೆ. ಅದರ ಮೇಲೆ ಬಾಯಿಂದ ಬಿಸಿಯುಸಿರು ಊದಿದರೆ ಮೆಲ್ಲಗೆ ಇಳಿದು ತನ್ನ ಜಾಗ ಸೇರುತ್ತದೆ. ಶುಚಿ ಮಾಡುವ ಕೈಯೇ ವಿದ್ಯುದಾವೇಶ ಹುಟ್ಟಿಸುತ್ತದೆ, ಒಣಹವೆ ಅದನ್ನು ಹಿಡಿದಿಡುತ್ತದೆ, ತೇವ ಅದನ್ನು ಹರಿಸಿಬಿಡುತ್ತದೆ. ಸ್ಥಿರವಿದ್ಯುತ್ತಿನ ಕುರಿತು ಅರ್ಧ ಶತಮಾನದಿಂದ ನಡೆದಿರುವ ವಾದವೆಲ್ಲ ಈ ಪುಟ್ಟ ಆಟದೊಳಗೇ ಇದೆ.

ಯಾದಗಿರಿ, ಶಹಾಪುರ, ಸುರಪುರಗಳಿಗೆ ಈ ವಾದ ದೂರದ್ದೇನೂ ಅಲ್ಲ. ಬಸ್ ನಿಲ್ದಾಣದ ಸುತ್ತಲ ಮೊಬೈಲ್ ರಿಪೇರಿ ಅಂಗಡಿಗಳು, ಇನ್ವರ್ಟರ್ ಮತ್ತು ಪಂಪ್‌ಸೆಟ್ ಸ್ಟಾರ್ಟರ್ ದುರಸ್ತಿ ಮಾಡುವವರು, ಜೆಸ್ಕಾಂನಲ್ಲಿ ಮೀಟರ್ ಪರೀಕ್ಷಿಸುವವರು, ಯಾದಗಿರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಉಪಕರಣ ನೋಡಿಕೊಳ್ಳುವವರು, ಎಲ್ಲರ ದಿನಗೆಲಸವೂ ಒಂದಲ್ಲ ಒಂದು ಮೀಟರಿನ ಮೇಲೆ ನಿಂತಿದೆ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಗೆ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟರು. ದೂರದಿಂದಲೇ ಗೇಟು ಎತ್ತಿ ಇಳಿಸುವ ವ್ಯವಸ್ಥೆ ಬಂದ ಮೇಲೆ ಕಾಲುವೆಯ ನೀರೂ ಎಲೆಕ್ಟ್ರಾನಿಕ್ಸ್‌ನ ಆರೋಗ್ಯವನ್ನು ನೆಚ್ಚಿಕೊಂಡಿದೆ. ಈ ಉಪಕರಣಗಳನ್ನು ಪರೀಕ್ಷಿಸುವ ಉಪಕರಣವೇ ಸುಳ್ಳು ಹೇಳತೊಡಗಿದರೆ? ಅದನ್ನು ಸ್ಥಿರವಿದ್ಯುತ್ತಿನಿಂದ ಕಾಯಲು ನಿಜಕ್ಕೂ ಏನು ಬೇಕು? ಇದಕ್ಕೆ ಮೂರು ಪಂಥಗಳು ಮೂರು ಉತ್ತರ ಕೊಡುತ್ತವೆ. ಮೂರರಲ್ಲೂ ಸತ್ಯವಿದೆ. ಆದರೆ ಮೂರೂ ಬೇರೆ ಊರಿನ ನೆಲ, ಬೇರೆ ಊರಿನ ಹವೆ ನೋಡಿ ಹುಟ್ಟಿದವು. ಅವನ್ನು ಇಲ್ಲಿಗೆ ತರುವಾಗ ಕ್ರಮ ಬದಲಾಗಬೇಕು ಎಂಬುದು ಈ ಲೇಖನದ ವಾದ.

ಪ್ರಶ್ನೆ ಹುಟ್ಟಿದ್ದು ಹೇಗೆ

ಅಂಬರನ್ನು ಉಣ್ಣೆಗೆ ತಿಕ್ಕಿದರೆ ಹೊಟ್ಟು ಅಂಟಿಕೊಳ್ಳುತ್ತದೆ ಎಂಬುದು ಗ್ರೀಕರ ಕಾಲದಿಂದಲೂ ಗೊತ್ತಿತ್ತು. ಹೀಗೆ ಹುಟ್ಟುವ ವಿದ್ಯುತ್ತು ಎರಡು ಬಗೆಯದು ಎಂದು ಫ್ರಾನ್ಸಿನ ದ್ಯು ಫೇ 1733ರಲ್ಲಿ ತೋರಿಸಿದ. ಆದರೂ ರೇಡಿಯೊ ವಾಲ್ವುಗಳ ಕಾಲದಲ್ಲಿ ರಿಪೇರಿ ಮಾಡುವವನಿಗೆ ಇದು ತಲೆಬಿಸಿ ಆಗಿರಲಿಲ್ಲ. ನೂರಾರು ವೋಲ್ಟಿನಲ್ಲಿ ದುಡಿಯುವ ವಾಲ್ವಿಗೆ ಬೆರಳ ತುದಿಯ ಕಿಡಿ ಯಾವ ಲೆಕ್ಕ? ಕಥೆ ತಿರುಗಿದ್ದು ಮಾಸ್‌ಫೆಟ್ ಬಂದ ಮೇಲೆ. 1960ರ ಹೊತ್ತಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಟ್ರಾನ್ಸಿಸ್ಟರಿನ ಗೇಟಿನ ಕೆಳಗೆ ತೀರ ತೆಳುವಾದ ಆಕ್ಸೈಡ್ ಪದರವಿದೆ. ಪ್ರತಿ ನ್ಯಾನೊಮೀಟರಿಗೆ ಸುಮಾರು 1 ವೋಲ್ಟ್ ದಾಟಿದರೆ ಆ ಪದರ ತೂತಾಗುತ್ತದೆ. 100 ನ್ಯಾನೊಮೀಟರ್ ದಪ್ಪದ ಹಳೆಯ ಪದರ ನೂರು ವೋಲ್ಟ್ ತಾಳುತ್ತಿತ್ತು. ಇಂದಿನ ಚಿಪ್‌ಗಳಲ್ಲಿ ಅದು ಕೆಲವೇ ನ್ಯಾನೊಮೀಟರ್. ಮನುಷ್ಯನಿಗೆ ಕಿಡಿಯ ಚುರುಕು ತಟ್ಟಬೇಕಾದರೆ ಮೈಯಲ್ಲಿ ಸುಮಾರು 3,000 ವೋಲ್ಟ್ ಸೇರಿರಬೇಕು. ಅಂದರೆ ಚಿಪ್ಪು ಸತ್ತಿರುತ್ತದೆ, ಕೊಂದ ಕೈಗೆ ಸುದ್ದಿಯೇ ಇರುವುದಿಲ್ಲ.

1970ರ ದಶಕದ ಕೊನೆಗೆ ಅಮೆರಿಕದಲ್ಲಿ ಈ ವಿಷಯಕ್ಕೆಂದೇ ವಾರ್ಷಿಕ ವಿಚಾರಗೋಷ್ಠಿ ಶುರುವಾಯಿತು. 1980ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಕೈಪಿಡಿಯೊಂದನ್ನು ಹೊರಡಿಸಿತು, 1982ರಲ್ಲಿ ಇದಕ್ಕೆಂದೇ ಒಂದು ಸಂಘ ಕಟ್ಟಲಾಯಿತು. ಆ ಸಂಘದ ಎಸ್20.20 ಮಾನದಂಡ 1999ರಲ್ಲಿ ಬಂತು. ಅದರ ಅಂತರರಾಷ್ಟ್ರೀಯ ಜೋಡಿ ಐಇಸಿ 61340-5-1. ಇವೆರಡೂ ಇಂದಿಗೂ ಕಾರ್ಖಾನೆಗಳ ನಿತ್ಯಪಾಠ. ಭಾರತ್ ಎಲೆಕ್ಟ್ರಾನಿಕ್ಸ್, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ಗಳಂಥ ಸಂಸ್ಥೆಗಳಿಂದ ಬೆಳೆದ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಉದ್ಯಮ ಆ ಪಾಠ ಓದಿಕೊಂಡಿತು. ಜಿಲ್ಲಾಕೇಂದ್ರದ ರಿಪೇರಿ ಮೇಜಿಗೆ ಅದು ಪುಸ್ತಕವಾಗಿ ಬರಲಿಲ್ಲ. ಬಿಡಿಭಾಗ ಸುತ್ತಿದ ಗುಲಾಬಿ ಪೊಟ್ಟಣವಾಗಿ, ಕಪ್ಪು ಫೋಮಿನ ತುಂಡಾಗಿ, ನೀಲಿ ಮ್ಯಾಟಾಗಿ ಬಂತು. ವಸ್ತು ಬಂತು, ಕಾರಣ ಬರಲಿಲ್ಲ.

ಮೊದಲ ಪಂಥ: ಎಲ್ಲವನ್ನೂ ನೆಲಕ್ಕೆ ಕಟ್ಟು

ಮಾನದಂಡದ ಪಂಥದ ಮಾತು ಸರಳ. ಮನುಷ್ಯ, ಮೇಜು, ಉಪಕರಣ ಎಲ್ಲವನ್ನೂ ಒಂದೇ ಅರ್ಥಿಂಗ್ ಬಿಂದುವಿಗೆ ಜೋಡಿಸಿ. ನಡುವೆ ವೋಲ್ಟಿನ ವ್ಯತ್ಯಾಸವೇ ಇಲ್ಲದಿದ್ದರೆ ಕಿಡಿ ಎಲ್ಲಿಂದ ಹಾರಬೇಕು? ಈ ಪಂಥ ಮನುಷ್ಯನ ದೇಹವನ್ನು 100 ಪಿಕೊಫ್ಯಾರಡಿನ ಕೆಪಾಸಿಟರ್, ಅದರ ಮುಂದೆ 1,500 ಓಂ ರೋಧಕ ಎಂದು ಎಣಿಸುತ್ತದೆ. 2,000 ವೋಲ್ಟ್ ತುಂಬಿದ ಅಂಥ ದೇಹ ಹೊರಹಾಕುವ ಶಕ್ತಿ ಜೂಲಿನ ಐದು ಸಾವಿರದಲ್ಲೊಂದು ಪಾಲು ಮಾತ್ರ. ಆದರೆ ಆ ಕ್ಷಣದ ಗರಿಷ್ಠ ಕರೆಂಟು 1.3 ಆಂಪಿಯರ್. ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ದಾರಿಗೆ ಅದು ಪ್ರವಾಹವೇ.

ಮಣಿಕಟ್ಟಿಗೆ ಕಟ್ಟುವ ಪಟ್ಟಿಯೊಳಗೆ 1 ಮೆಗಾಓಂ ರೋಧಕ ಇಡುವುದರಲ್ಲಿ ಈ ಪಂಥದ ಜಾಣತನ ಕಾಣುತ್ತದೆ. ಕೈಜಾರಿ ಆ ಪಟ್ಟಿಗೆ 230 ವೋಲ್ಟಿನ ಫೇಸ್ ತಗುಲಿದರೂ ದೇಹದಲ್ಲಿ ಹರಿಯುವುದು 0.23 ಮಿಲಿಆಂಪಿಯರ್, ಜುಮ್ಮೆನ್ನುವಷ್ಟೂ ಇಲ್ಲ. ಆದರೂ 1 ಮೆಗಾಓಂ ಮೂಲಕ ದೇಹದ ಸ್ಥಿರವಿದ್ಯುತ್ತು ಸೆಕೆಂಡಿನ ಸಾವಿರದಲ್ಲೊಂದು ಪಾಲು ಮುಗಿಯುವುದರೊಳಗೆ ಹರಿದುಹೋಗುತ್ತದೆ. ಬಿಚ್ಚಿದ ಇನ್ವರ್ಟರಿನಂಥ ಹೈವೋಲ್ಟೇಜಿನ ಜೀವಂತ ಕೆಲಸಕ್ಕೆ ಮಾತ್ರ ಈ ಪಟ್ಟಿ ಕಟ್ಟಬಾರದು.

ಪರೀಕ್ಷಾ ಉಪಕರಣದ ವಿಷಯಕ್ಕೆ ಬಂದರೆ ಈ ಪಂಥ ಕೊಡುವ ಇನ್ನೊಂದು ಎಚ್ಚರ ತುಂಬ ಬೆಲೆಯುಳ್ಳದ್ದು. ಸ್ಕೋಪಿಗೋ ಸ್ಪೆಕ್ಟ್ರಮ್ ಅನಲೈಸರಿಗೋ ಹಾಕುವ ಕೊಆಕ್ಸಿಯಲ್ ಕೇಬಲ್ ಪ್ರತಿ ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ 100 ಪಿಕೊಫ್ಯಾರಡ್ ಕೆಪಾಸಿಟರ್ ಇದ್ದಂತೆ. ನೆಲದ ಮೇಲೆ ಎಳೆದಾಡಿದ, ಪ್ಲಾಸ್ಟಿಕ್ ಪೊಟ್ಟಣದಿಂದ ಹೊರತೆಗೆದ ಒಂದು ಮೀಟರ್ ಕೇಬಲ್ ಮನುಷ್ಯ ದೇಹದಷ್ಟೇ ಆವೇಶ ಹೊತ್ತಿರಬಲ್ಲದು, ಅದೂ ನಡುವೆ 1,500 ಓಂ ತಡೆಯಿಲ್ಲದೆ. ಕೈಗೆ ಪಟ್ಟಿ ಕಟ್ಟಿಕೊಂಡವನೂ ಅದನ್ನು ನೇರವಾಗಿ ಸಿಕ್ಕಿಸಿದರೆ ಉಪಕರಣದ ಮುಂಬಾಗಿಲು ಸುಡಬಹುದು. ಕೇಬಲಿನ ನಡುತಂತಿಯನ್ನೂ ಹೊರಕವಚವನ್ನೂ ಮೊದಲು ಒಂದಕ್ಕೊಂದು ಸೇರಿಸಿ ಬರಿದು ಮಾಡಿ, ಆಮೇಲೆ ಸಿಕ್ಕಿಸಬೇಕು. ಎರಡು ಸೆಕೆಂಡಿನ ಕೆಲಸ.

ಈ ಪಂಥಕ್ಕೆ ಸಿಗುವ ಮೊದಲ ಆಕ್ಷೇಪ ನೆಲದ್ದು. 1980ರ ಆ ಕೈಪಿಡಿಯ ಹೆಸರಾಂತ ಪಟ್ಟಿಯಲ್ಲಿ ರತ್ನಗಂಬಳಿಯ ಮೇಲೆ ನಡೆದಾಗ ಒಣಹವೆಯಲ್ಲಿ 35,000 ವೋಲ್ಟ್, ವಿನೈಲ್ ನೆಲದಲ್ಲಿ 12,000 ವೋಲ್ಟ್, ಮೇಜಿನ ಮುಂದೆ ಕೂತವನಲ್ಲಿ 6,000 ವೋಲ್ಟ್ ಎಂದಿದೆ. ಸುರಪುರದ ಅಂಗಡಿಯಲ್ಲಿ ರತ್ನಗಂಬಳಿ ಎಲ್ಲಿದೆ? ಇಲ್ಲಿರುವುದು ಫರಸಿ, ಶಹಾಬಾದ್ ಕಲ್ಲು. ಅದರ ಮೇಲೆ ಬರಿಗಾಲಲ್ಲಿ ಓಡಾಡುವವನ ಮೈಯಲ್ಲಿ ಅಷ್ಟು ಆವೇಶ ನಿಲ್ಲುವುದಿಲ್ಲ. ಆಕ್ಷೇಪ ಸರಿಯೇ, ಆದರೆ ಹಳತಾಗಿದೆ. ಫರಸಿಯ ಜಾಗಕ್ಕೆ ಹೊಳೆಯುವ ಟೈಲ್ಸ್ ಬಂದಿದೆ, ಬರಿಗಾಲಿಗೆ ರಬ್ಬರ್ ಚಪ್ಪಲಿ ಬಂದಿದೆ, ಕೂರಲು ಪ್ಲಾಸ್ಟಿಕ್ ಕುರ್ಚಿ, ಮೇಜಿಗೆ ಹಳೆಯ ಫ್ಲೆಕ್ಸ್ ಬ್ಯಾನರಿನ ಹೊದಿಕೆ. ರತ್ನಗಂಬಳಿ ಬರದಿದ್ದರೂ ಅದರ ಬಂಧುಬಳಗವೆಲ್ಲ ಬಂದು ಸೇರಿದೆ.

ಎರಡನೆಯ ಪಂಥ: ಹವೆಯನ್ನು ತಿದ್ದು

ಕೈಪಿಡಿಯ ಅದೇ ಪಟ್ಟಿಯ ಇನ್ನೊಂದು ಕಂಬಸಾಲು ಎರಡನೆಯ ಪಂಥಕ್ಕೆ ಆಧಾರ. ತೇವಾಂಶ ಶೇ. 65 ದಾಟಿದರೆ ಅದೇ ರತ್ನಗಂಬಳಿಯ 35,000 ವೋಲ್ಟ್ 1,500ಕ್ಕೆ, ಮೇಜಿನ ಮುಂದಿನ 6,000 ವೋಲ್ಟ್ ಬರೀ 100ಕ್ಕೆ ಇಳಿಯುತ್ತದೆ. ಹಾಗಾದರೆ ಗಾಳಿಗೆ ತೇವ ಕೊಟ್ಟರೆ ಸಾಕಲ್ಲ ಎನ್ನುತ್ತದೆ ಈ ಪಂಥ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಮಧ್ಯಾಹ್ನದ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುವ ಈ ಸೀಮೆಗೆ ಮಾತು ತಕ್ಕದ್ದೇ. ಕಲ್ಯಾಣ ಕರ್ನಾಟಕದ ಮನೆಮನೆಯ ಏರ್ ಕೂಲರ್ ಗೊತ್ತಿಲ್ಲದೆಯೇ ಈ ಪಂಥದ ಅನುಯಾಯಿ. ನೀರಿನಲ್ಲಿ ನೆಂದ ಹುಲ್ಲಿನ ಪದರದ ಮೂಲಕ ಗಾಳಿ ಎಳೆದು ಕೋಣೆಯನ್ನು ತಂಪಾಗಿಸುವ ಅದು ತೇವಾಂಶವನ್ನೂ ಏರಿಸುತ್ತದೆ. ಏಸಿ ಇದಕ್ಕೆ ತದ್ವಿರುದ್ಧ, ಗಾಳಿಯಲ್ಲಿದ್ದ ನೀರನ್ನೇ ಹಿಂಡಿ ಹೊರಹಾಕುತ್ತದೆ. ಸ್ಥಿರವಿದ್ಯುತ್ತಿನ ಮಟ್ಟಿಗೆ ಕೂಲರಿಟ್ಟ ಸಣ್ಣ ಅಂಗಡಿ ಏಸಿ ಹಾಕಿದ ಪ್ರಯೋಗಾಲಯಕ್ಕಿಂತ ವಾಸಿ ಇರಲೂಬಹುದು.

ಆದರೆ ಹವೆಯನ್ನೇ ನಂಬಿ ಕೂರುವಂತಿಲ್ಲ. ಕರೆಂಟು ಹೋದ ಗಳಿಗೆಯೇ ಕೂಲರ್ ನಿಲ್ಲುತ್ತದೆ. ಅದು ಹೊರಗಿನ ಧೂಳನ್ನೂ ಒಳಗೆಳೆದು ತರುತ್ತದೆ. ತೇವ ಅತಿಯಾದರೆ ಉಪಕರಣದ ಸಂಪರ್ಕಗಳಿಗೆ ಕಿಲುಬು ಹಿಡಿಯುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಗುಲಾಬಿ ಪೊಟ್ಟಣದ್ದು. ಆ ಪ್ಲಾಸ್ಟಿಕ್ಕಿಗೆ ಬೆರೆಸಿದ ರಾಸಾಯನಿಕ ಮೇಲ್ಮೈಗೆ ಬಂದು ಗಾಳಿಯ ತೇವವನ್ನು ಹೀರಿ ತೆಳುವಾದ ಪಸೆ ಕಟ್ಟುತ್ತದೆ, ಆವೇಶ ಹರಿಯುವುದು ಆ ಪಸೆಯಲ್ಲಿ. ಗಾಳಿಯಲ್ಲಿ ತೇವವೇ ಇಲ್ಲದಿದ್ದರೆ ಅದು ಹೀರುವುದೇನನ್ನು? ಮೇಲಾಗಿ ಆ ರಾಸಾಯನಿಕ ಕಾಲ ಕಳೆದಂತೆ ಸವೆದುಹೋಗುತ್ತದೆ. ಅಂದರೆ ತೀರ ಬೇಕಾದ ಏಪ್ರಿಲ್ ತಿಂಗಳಲ್ಲೇ ಹಳೆಯ ಗುಲಾಬಿ ಪೊಟ್ಟಣ ಕೈಕೊಡುತ್ತದೆ. ಬೆಳ್ಳಿಬಣ್ಣದ, ಒಳಗೆ ಲೋಹದ ಪದರವಿರುವ ಚೀಲ ಹೊರಗಿನ ಆವೇಶದ ಹೊಡೆತ ಒಳಗಿನ ಭಾಗಕ್ಕೆ ತಗುಲದಂತೆ ತಡೆಯುತ್ತದೆ. ಆ ತಡೆಗೆ ಹವೆಯ ಹಂಗಿಲ್ಲ. ಸೂಕ್ಷ್ಮ ಭಾಗಗಳಿಗೆ ಅದೇ ಲೇಸು.

ಮೂರನೆಯ ಪಂಥ: ಇದೆಲ್ಲ ಅತಿಯಾಯಿತು

ಮೂರನೆಯ ಪಂಥದವರು ಸಂದೇಹಿಗಳು. ಇಂದಿನ ಚಿಪ್‌ಗಳ ಕಾಲುಗಳಿಗೆ ಒಳಗೇ ರಕ್ಷಣಾ ಡಯೋಡುಗಳಿವೆ, ಬೋರ್ಡಿಗೆ ಬೆಸುಗೆ ಹಾಕಿದ ಮೇಲೆ ಅಪಾಯ ಇನ್ನೂ ಕಡಿಮೆ, ವರ್ಷಗಟ್ಟಲೆ ಪಟ್ಟಿ ಕಟ್ಟದೆ ರಿಪೇರಿ ಮಾಡಿದವರಿಗೆ ಏನಾಗಿದೆ ಎಂಬುದು ಅವರ ವಾದ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಚಿಪ್ ತಯಾರಕರ ಒಕ್ಕೂಟವೊಂದು 2007ರಲ್ಲೇ, ಚಿಪ್ಪು ತಾಳಬೇಕಾದ ಮಟ್ಟವನ್ನು 2,000 ವೋಲ್ಟಿನಿಂದ 1,000ಕ್ಕೆ ಇಳಿಸಿದರೂ ನಡೆಯುತ್ತದೆ ಎಂದಿತು. ಅದೇ ಒಕ್ಕೂಟ 2016ರಲ್ಲಿ ಇನ್ನೊಂದು ಕಡೆಗೆ ಗಮನ ಸೆಳೆಯಿತು. ಸುಟ್ಟು ವಾಪಸು ಬರುವ ಚಿಪ್‌ಗಳಲ್ಲಿ ದೊಡ್ಡ ಪಾಲು ಸ್ಥಿರವಿದ್ಯುತ್ತಿನ ಕಿಡಿಯಿಂದ ಸತ್ತವಲ್ಲ, ತಡೆಯುವ ಮಿತಿ ಮೀರಿದ ವೋಲ್ಟೇಜು, ಕರೆಂಟುಗಳಿಂದ ಸತ್ತವು.

ಈ ಎರಡನೆಯ ಮಾತು ನಮ್ಮ ಮೇಜುಗಳಿಗೆ ತೀರ ಹತ್ತಿರದ್ದು. ಅರ್ಥ್ ಪಿನ್ನನ್ನು ಮುರಿದುಹಾಕಿದ ಪ್ಲಗ್ಗು, ಎರಡು ಪಿನ್ನಿನ ಸಾಲ್ಡರಿಂಗ್ ಕಡ್ಡಿ, ಅರ್ಥಿಂಗ್ ಇಲ್ಲದ ಪವರ್ ಸಪ್ಲೈ ಎಲ್ಲೆಲ್ಲೂ ಇವೆ. ಅರ್ಥ್ ಕೊಡದ ಎಸ್‌ಎಂಪಿಎಸ್‌ನ ಲೋಹದ ಮೈ ಒಳಗಿನ ಫಿಲ್ಟರ್ ಕೆಪಾಸಿಟರುಗಳ ದೆಸೆಯಿಂದ ಮೇನ್ಸಿನ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕೈತಾಗಿದಾಗ ಜುಮ್ಮೆನ್ನುವುದು ಅದೇ. ಅಂಥ ಎರಡು ಉಪಕರಣಗಳನ್ನು ಕೇಬಲಿನಿಂದ ಜೋಡಿಸಿದ ಕ್ಷಣ ಸುಟ್ಟ ಇನ್‌ಪುಟ್ಟಿಗೆ ಸ್ಟ್ಯಾಟಿಕ್ಕನ್ನು ದೂರುವುದು ಕಳ್ಳನನ್ನು ಬಿಟ್ಟು ದಾರಿಹೋಕನನ್ನು ಹಿಡಿದಂತೆ.

ಹಾಗೆಂದು ಸಂದೇಹಿಗಳ ತೀರ್ಮಾನವನ್ನು ಇಡಿಯಾಗಿ ಒಪ್ಪಲಾಗದು. 1,000 ವೋಲ್ಟ್ ಸಾಕು ಎಂದವರು ಒಂದು ಷರತ್ತು ಹಾಕಿದ್ದರು. ಚಿಪ್ಪು ಮುಟ್ಟುವ ಜಾಗದಲ್ಲಿ ಪಟ್ಟಿ, ನೆಲ, ಮೇಜುಗಳ ಮೂಲಭೂತ ವ್ಯವಸ್ಥೆ ಇರಲೇಬೇಕು. ಷರತ್ತನ್ನು ಬಿಟ್ಟು ಸಡಿಲಿಕೆಯನ್ನಷ್ಟೇ ಎತ್ತಿಕೊಂಡರೆ ಅದು ಅರ್ಧ ಓದು. ವರ್ಷಗಟ್ಟಲೆ ಏನೂ ಆಗಿಲ್ಲ ಎಂಬ ಸಾಕ್ಷ್ಯವೂ ಗಟ್ಟಿಯಲ್ಲ. ಕೆಟ್ಟ ಐಸಿಯನ್ನು ಕಿತ್ತೆಸೆದು ಹೊಸದು ಹಾಕುವ ಮೇಜಿನಲ್ಲಿ ಸಾವಿನ ಕಾರಣ ಬರೆದಿಡುವವರು ಯಾರು? ಅದನ್ನು ಹೇಳಲು ಚಿಪ್ಪಿನ ಹೊದಿಕೆ ಕರಗಿಸಿ ಸೂಕ್ಷ್ಮದರ್ಶಕದಡಿ ನೋಡಬೇಕು.

ಮೂವರೂ ಮರೆತದ್ದು: ಒರೆಸುವ ಕೈ

ಮೂರೂ ಪಂಥಗಳು ಬಳಕೆಯ ಹೊತ್ತಿನ ಬಗ್ಗೆ ವಾದಿಸುತ್ತವೆ, ಶುಚಿ ಮಾಡುವ ಹೊತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಸೀಮೆಯಲ್ಲಿ ಶುಚಿ ಮಾಡುವ ಪ್ರಸಂಗವೇ ಹೆಚ್ಚು. ಎರೆಭೂಮಿಯ ನುಣುಪು ಧೂಳು, ಜಿನ್ನಿಂಗ್ ಕಾರ್ಖಾನೆಗಳ ಸುತ್ತ ಹಾರುವ ಅರಳೆಯ ಎಳೆ ಎರಡೂ ಸೇರಿ ಸ್ಕೋಪಿನ ಫ್ಯಾನಿಗೆ ಕಂಬಳಿ ಹೊದಿಸುತ್ತವೆ. ಆಗ ಎತ್ತಿಕೊಳ್ಳುವುದು ಯಾವುದೋ ಹಳೆಯ ಪಾಲಿಯೆಸ್ಟರ್ ಅಂಗಿಯ ತುಂಡು, ನೈಲಾನ್ ಬ್ರಷ್ಷು, ಇಲ್ಲವೇ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ. ಮೂರೂ ಆವೇಶ ಹುಟ್ಟಿಸುವುದರಲ್ಲಿ ನಿಸ್ಸೀಮ. ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆ, ನೀರಿನ ತುಂತುರೂ ಇರುತ್ತದೆ.

ಉತ್ತರ ಊರಲ್ಲೇ ಬೆಳೆಯುತ್ತದೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು. ಎಳೆ ಬಿಡದ ಹತ್ತಿ ಬಟ್ಟೆಯನ್ನು ನೀರಲ್ಲದ್ದಿ ಚೆನ್ನಾಗಿ ಹಿಂಡಿ, ಬೇಕಾದರೆ ಒಂದು ಹನಿ ಮೆದು ಸೋಪು ಸೇರಿಸಿ ಒರೆಸಿದರೆ ಕೊಳೆಯೂ ಹೋಗುತ್ತದೆ, ಆವೇಶವೂ ಹುಟ್ಟುವುದಿಲ್ಲ. ಅದಕ್ಕೂ ಮುಂಚೆ ಪ್ಲಗ್ ಕಿತ್ತು, ಕಡ್ಡಿಗಳನ್ನು ತೆಗೆದು, ಬ್ಯಾಟರಿ ಬಿಚ್ಚಿರಬೇಕು. ಸಾಕೆಟ್ಟುಗಳಿಗೆ, ಪ್ರೋಬಿನ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸರಿ, ಆದರೆ ಅಕ್ರಿಲಿಕ್ ಗಾಜಿನ ಮೇಲೆ ಅದು ಕೂದಲೆಳೆಯಂಥ ಬಿರುಕು ತರುತ್ತದೆ. ಪೆಟ್ರೋಲು, ಥಿನ್ನರು ಯಾವುದಕ್ಕೂ ಬೇಡ. ಗಾಳಿ ಊದುವುದಾದರೆ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದಿರಬೇಕು. ಬೆರಳಿನ ಜಿಡ್ಡು, ಫ್ಲಕ್ಸಿನ ಪಸೆ ಕೂಡ ಸಣ್ಣ ಶತ್ರುಗಳಲ್ಲ. 10 ಮೆಗಾಓಂ ಇನ್‌ಪುಟ್ಟಿನ ಮೀಟರಿನಲ್ಲಿ ಅವುಗಳ ಮೂಲಕ ಸೋರುವ ಕರೆಂಟೇ ಅಳತೆ ಕೆಡಿಸಬಲ್ಲದು.

ಶುಚಿಯಾದ ಉಪಕರಣವನ್ನು ಆಗಲೇ ತಪಾಸಣೆ ಮಾಡಬೇಕು, ಬಿರುಕು ಕಾಣುವುದು ಧೂಳು ಹೋದ ಮೇಲೆ. ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೆ ಓಂ ಮಾಪನ ಅರ್ಧ ಓಮಿನೊಳಗೆ ನಿಲ್ಲಬೇಕು, ಕಡ್ಡಿಯ ತಂತಿ ಬಗ್ಗಿಸಿದಾಗ ಅಂಕಿ ಕುಣಿಯಬಾರದು. ಸುಟ್ಟ ಫ್ಯೂಸಿನ ಬದಲು ತಂತಿ ಸುತ್ತಿದ್ದರೆ ಆ ಮೀಟರು ಮೇನ್ಸಿಗೆ ಹಿಡಿಯಲು ಲಾಯಕ್ಕಲ್ಲ. ಸ್ಕೋಪಿನ ಪ್ರೋಬನ್ನು ಅದರ ಮುಖದಲ್ಲೇ ಇರುವ 1 ಕಿಲೋಹರ್ಟ್ಸ್ ಚೌಕ ಅಲೆಗೆ ತಾಗಿಸಿ ಮೂಲೆಗಳು ನೇರವಾಗಿವೆಯೇ ನೋಡಬೇಕು. ಗೊತ್ತಿರುವ ವೋಲ್ಟೇಜಿಗೆ ಹಿಡಿದು ಬರೆದಿಟ್ಟ ಅಂಕಿ ತಿಂಗಳಿಂದ ತಿಂಗಳಿಗೆ ಜಾರುತ್ತಿದ್ದರೆ ಮೀಟರು ಕ್ಯಾಲಿಬ್ರೇಷನ್ನಿಗೆ ಹೋಗಬೇಕು. ಸರ್ಕಾರದ ಎಸ್‌ಟಿಕ್ಯೂಸಿ ಪ್ರಯೋಗಾಲಯಗಳು ಬೆಂಗಳೂರು, ಹೈದರಾಬಾದಿನಲ್ಲಿವೆ. ಅಷ್ಟು ದೂರ ಕಳಿಸುವುದು ಸುಲಭವಲ್ಲದ್ದರಿಂದಲೇ ಈ ತಿಂಗಳ ದಾಖಲೆಗೆ ಇಲ್ಲಿ ಹೆಚ್ಚು ಬೆಲೆ.

ಎರೆಭೂಮಿಯ ಅರ್ಥಿಂಗ್

ಕೊನೆಯ ದೊಡ್ಡ ಆಕ್ಷೇಪ ಇದು: ಅರ್ಥಿಂಗೇ ಸರಿಯಿಲ್ಲದಲ್ಲಿ ಪಟ್ಟಿ ಕಟ್ಟಿ ಏನು ಫಲ? ಬೇಸಿಗೆಯಲ್ಲಿ ಎರೆಭೂಮಿ ಒಣಗಿ ಬಿರಿದು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಶಹಾಪುರ, ಸುರಪುರಗಳ ಬಂಡೆಗುಡ್ಡದ ಬದಿಯಲ್ಲಿ ಪೈಪು ಆಳಕ್ಕೆ ಇಳಿಯುವುದೇ ಕಷ್ಟ. ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ, ಬಿಡಿಸಿ ನೋಡಬೇಕು. ಮೇನ್ಸಿನ ದೋಷ, ಸಿಡಿಲು, ಸೋರಿಕೆಗಳಿಗೆ ಅರ್ಥಿನ ತಡೆ ಕೆಲವೇ ಓಂ ಇರಬೇಕು. ಭಾರತೀಯ ಮಾನಕ ಐಎಸ್ 3043 ಹೇಳುವ ಅರ್ಥಿಂಗ್ ಪದ್ಧತಿ, ಉಪ್ಪು-ಇದ್ದಿಲಿನ ಗುಂಡಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವ ರೂಢಿ ಎಲ್ಲ ಅದಕ್ಕಾಗಿ. ಸ್ಥಿರವಿದ್ಯುತ್ತಿಗೆ ಅಷ್ಟು ಬೇಕಿಲ್ಲ. ಪಟ್ಟಿಯಲ್ಲೇ 10 ಲಕ್ಷ ಓಂ ಇರುವಾಗ ಬಿರುಕುಬಿಟ್ಟ ನೆಲದ ಐವತ್ತು ಓಂ ಏನು ಮಾಡೀತು? ಅರ್ಥಿಂಗ್ ಸಿಗದ ಹೊಲದಂಚಿನ ಕಾಲುವೆ ಗೇಟಿನ ಬಳಿಯೂ ಮ್ಯಾಟು, ಪಟ್ಟಿ, ಉಪಕರಣದ ಮೈ ಮೂರನ್ನೂ ಒಂದಕ್ಕೊಂದು ಜೋಡಿಸಿದರೆ ನಡುವಿನ ವೋಲ್ಟು ಸಮವಾಗುತ್ತದೆ. ಮಾನದಂಡವೂ ಇದನ್ನು ಒಪ್ಪುತ್ತದೆ.

ಆದರೆ ಮಲ್ಟಿಮೀಟರಿನಲ್ಲಿ ಫೇಸ್-ಅರ್ಥ್ 230 ವೋಲ್ಟ್ ಬಂತು, ಅರ್ಥಿಂಗ್ ಸರಿಯಿದೆ ಎಂದುಕೊಳ್ಳುವುದು ಮೋಸ. 10 ಮೆಗಾಓಂ ಮೀಟರು ಎಳೆಯುವ ಕರೆಂಟು ಇಷ್ಟೇ ಇಷ್ಟು. ಅರ್ಧ ಹರಿದ ತಂತಿಯೂ ಅದರ ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಅರ್ಥ್ ಟೆಸ್ಟರ್ ಇರುವ ಬಲ್ಲವರಿಂದ ವರ್ಷಕ್ಕೊಮ್ಮೆ, ಅದೂ ಬೇಸಿಗೆಯಲ್ಲಿ, ಅಳೆಯಿಸುವುದೇ ದಾರಿ.

ಇತ್ಯರ್ಥವಾಗದ್ದು

ಕೆಲವು ಪ್ರಶ್ನೆಗಳು ಇನ್ನೂ ತೆರೆದೇ ಇವೆ. ಕಿಡಿಯ ಹೊಡೆತ ತಿಂದ ಚಿಪ್ಪು ಆಗ ಬದುಕಿ, ತಿಂಗಳಾದ ಮೇಲೆ ಸಾಯುತ್ತದೆಯೇ? ಇಂಥ ಒಳಗಾಯ ಪ್ರಯೋಗಾಲಯದಲ್ಲಿ ಕಂಡಿದೆ, ಬಳಕೆಯಲ್ಲಿರುವ ಉಪಕರಣಗಳಲ್ಲಿ ಅದು ಎಷ್ಟು ದೊಡ್ಡ ಪಾಲು ಎಂಬುದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಸ್ಥಿರವಿದ್ಯುತ್ತಿನ ಸಾವನ್ನೂ ಮೇನ್ಸ್ ಸೋರಿಕೆಯ ಸಾವನ್ನೂ ಸಣ್ಣ ಮೇಜಿನ ಮೇಲೆ ಬೇರ್ಪಡಿಸುವ ಅಗ್ಗದ ಉಪಾಯವಿಲ್ಲ. ತೇವ ಎಷ್ಟಿದ್ದರೆ ಸಾಕು, ಎಷ್ಟಾದರೆ ಕಿಲುಬು ಎಂಬ ಗಡಿ ಬಿರುಬಿಸಿಲಿಗೂ ಮುಂಗಾರಿಗೂ ನಡುವೆ ತೂಗಾಡುವ ಊರಿನಲ್ಲಿ ತಿಂಗಳಿಗೊಂದರಂತೆ ಬದಲಾಗುತ್ತದೆ. ಐಟಿಐ, ಪಾಲಿಟೆಕ್ನಿಕ್ಕುಗಳ ವಿದ್ಯಾರ್ಥಿಗಳು ತಮ್ಮ ಪ್ರಯೋಗಶಾಲೆಯ ತೇವಾಂಶವನ್ನೂ ಕೆಟ್ಟ ಭಾಗಗಳನ್ನೂ ಒಂದು ವರ್ಷ ದಾಖಲಿಸಿದರೆ ಈ ಕೊನೆಯ ಪ್ರಶ್ನೆಗಾದರೂ ಸ್ಥಳೀಯ ಉತ್ತರ ಸಿಗುತ್ತದೆ.

ಇತ್ಯರ್ಥವಾಗಿರುವುದರ ಮೇಲೆ ಕ್ರಮ ಹೀಗಿದೆ: ಮೊದಲು ಮೂರನೆಯ ಪಂಥದ ಮಾತು ಕೇಳಿ ಪ್ಲಗ್ಗು, ಅರ್ಥಿಂಗು ಸರಿಪಡಿಸುವುದು. ಆಮೇಲೆ ಒರೆಸುವ ಬಟ್ಟೆ ಬದಲಿಸುವುದು. ಬಳಿಕ ಪಟ್ಟಿ, ಮ್ಯಾಟು. ಕೂಲರು ಸಹಾಯಕ್ಕಿರಲಿ, ಭರವಸೆಗೆ ಬೇಡ. ಇಷ್ಟರಲ್ಲಿ ದುಡ್ಡು ಕೇಳುವುದು ಕಡಿಮೆ, ಪರೀಕ್ಷೆ ಕೇಳುವುದು ಹೆಚ್ಚು. ಪಟ್ಟಿಯನ್ನು ಪರೀಕ್ಷಿಸಲು ಕೈಯಲ್ಲಿರುವ ಮೀಟರೇ ಸಾಕು. ಒಂದು ಕಡ್ಡಿ ಮಣಿಕಟ್ಟಿಗೆ ತಾಗುವ ಲೋಹಕ್ಕೆ, ಇನ್ನೊಂದು ತುದಿಯ ಕ್ಲಿಪ್ಪಿಗೆ ಹಿಡಿದರೆ ಸುಮಾರು 1 ಮೆಗಾಓಂ ತೋರಿಸಬೇಕು. ತೋರಿಸದಿದ್ದರೆ ಕೈಗೆ ಕಟ್ಟಿಕೊಂಡದ್ದು ಬರೀ ದಾರ.